ಪದ, ಪದಕ, ಪದವಿ

ನಮ್ಮ ದುರ್ಗದ ಸೀಮೆಯಲ್ಲಿ ಪದ ಅಂದರೆ ಮೊದಲು ಹಾಡು. ಶಬ್ದ, ವ್ಯಾಕರಣ, ನಿಘಂಟು ಎಲ್ಲ ಆಮೇಲೆ. ಅದನ್ನು ‘ಹೇಳುವುದು’ ವಾಡಿಕೆ. “ಅಜ್ಜಿ, ಒಂದ್ ಪದ ಹೇಳಜ್ಜಿ” ಅಂದರೆ “ಯಾವ್ ಪದ ಹೇಳ್ಲಪ್ಪಾ?” ಅಂತ ಮರುಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಕಾರಣವಿದೆ. ಹಟ್ಟಿಯಲ್ಲಿ ಬರೀ ಪದ ಅನ್ನುವುದೇ ಇಲ್ಲ. ಬೀಸೋ ಪದ, ಸೋಬಾನೆ ಪದ, ಕೋಲಾಟದ ಪದ, ಗಣೆ ಪದ, ತತ್ವಪದ ಹೀಗೆ ಪ್ರತಿಯೊಂದಕ್ಕೂ ಒಂದು ಮನೆತನ.

ಹಿರಿಯೂರು, ಚಳ್ಳಕೆರೆ ಕಡೆಯ ಕಾಡುಗೊಲ್ಲರ ಗಣೆ ಪದವನ್ನೇ ನೋಡಿ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಊದುತ್ತ ಊದುತ್ತ ಬಾಯಿಂದ ತೆಗೆದು, ತಮ್ಮ ದೈವ ಜುಂಜಪ್ಪನ ಕಥೆಯ ನಾಕು ಸಾಲು ಹೇಳಿ, ಮತ್ತೆ ಊದಬೇಕು. ಕಥೆ ರಾತ್ರಿಯೆಲ್ಲ ನಡೆಯುತ್ತದೆ. ಬೀಸೋ ಪದಕ್ಕೆ ಕಲ್ಲಿನ ಸುತ್ತೇ ತಾಳ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈಯಲ್ಲಿ ಹಿಡಿ ರಾಗಿ. ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು, ಕೆಲಸ ಕಳೆದುಕೊಂಡ ಪದ ವೇದಿಕೆ ಹತ್ತಿತು. ಹತ್ತಿದ ಕೂಡಲೇ ಎಲ್ಲವಕ್ಕೂ ಒಂದೇ ಹೆಸರು ಬಿತ್ತು: ಜಾನಪದ ಗೀತೆ. ಈಗ ಮೆರವಣಿಗೆಯ ಡಿಜೆಯಲ್ಲಿ ಕುಣಿಸುವುದೂ ಜಾನಪದ, ಯೂಟ್ಯೂಬಿಗೆಂದು ಮೊನ್ನೆ ಬರೆದದ್ದೂ ಜಾನಪದ.

ಎಲ್ಲವೂ ಜಾನಪದವಾದರೆ ಪ್ರಶಸ್ತಿ ಯಾವುದಕ್ಕೆ? ತಕರಾರು ಶುರುವಾಗುವುದು ಇಲ್ಲೇ. ಅಮೆರಿಕದಲ್ಲೂ ಇದೇ ಜಗಳ. ಗಾಯಕಿ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಆಲ್ಬಮ್ಮಿಗೆ 2024ರಲ್ಲಿ ಅಲ್ಲಿನ ಕಂಟ್ರಿ (ಹಳ್ಳಿ ಸೊಗಡಿನ) ಸಂಗೀತ ಸಂಘದ ಪ್ರಶಸ್ತಿಯಲ್ಲಿ ಒಂದು ನಾಮನಿರ್ದೇಶನವೂ ಸಿಗಲಿಲ್ಲ. 2025ರ ಫೆಬ್ರುವರಿಯಲ್ಲಿ ಅದೇ ಆಲ್ಬಮ್ ಶ್ರೇಷ್ಠ ಕಂಟ್ರಿ ಆಲ್ಬಮ್ ಎಂದು ಗ್ರ್ಯಾಮಿ ಗೆದ್ದಿತು. ಯಾವುದು ಹಳ್ಳಿ ಹಾಡು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಅಲ್ಲೂ ಬಗೆಹರಿದಿಲ್ಲ.

ನಮ್ಮಲ್ಲಿ ‘ಜನುಮದ ಜೋಡಿ’ (1996) ಚಿತ್ರದ ‘ಕೋಲುಮಂಡೆ’ ಹಾಡಿಗೆ ಎಲ್.ಎನ್. ಶಾಸ್ತ್ರಿ ರಾಜ್ಯ ಪ್ರಶಸ್ತಿ ಪಡೆದರು. ಆ ಕಂಠಕ್ಕೆ ಅದು ಸಲ್ಲಲೇಬೇಕಿತ್ತು. ಆದರೆ ಅದು ಮಾದಪ್ಪನ ಕಂಸಾಳೆಯವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಪದ ಎನ್ನುವುದು ಕ್ಯಾಸೆಟ್ ಕೊಂಡವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಪದ ಹೇಳಿದವರಿಗೇ ನೇರವಾಗಿ ಪದವಿ ಬಂದದ್ದೂ ಉಂಟು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ; ಸಾವಿರಾರು ಪದ ಅವರ ನಾಲಿಗೆಯ ಮೇಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಓಜ ಎಂದರೆ ಗುರು, ಉಪಾಧ್ಯಾಯ. ಆದಿಕವಿ ಪಂಪನಿಗೆ ಸಂದ ಬಿರುದು ಓದು ಬರಹವಿಲ್ಲದ ಅಜ್ಜಿಯ ಹೆಸರಿನ ಮುಂದೆ ಕೂತಾಗ ವಿಶ್ವವಿದ್ಯಾಲಯದ ಮಾನವೇ ಹೆಚ್ಚಿತು.

ಜಾನಪದ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಪಟ್ಟಿಯಲ್ಲೂ ನನಗೆ ಇಷ್ಟವಾಗುವ ಒಂದು ಸಂಗತಿಯಿದೆ. ಕಲಾವಿದರ ಹೆಸರಿನ ಪಕ್ಕದಲ್ಲಿ ಅವರ ಕಲೆ ಯಾವುದೆಂದು ಬರೆದಿರುತ್ತಾರೆ: ಸೋಬಾನೆ ಪದ, ತತ್ವಪದ, ಗೀಗೀ ಪದ, ವೀರಗಾಸೆ. ಪದದ ಮನೆತನ ಅಲ್ಲಿ ಇನ್ನೂ ಉಳಿದಿದೆ.

ಹೊಸದುರ್ಗದ ಗಣಪತಿ ಪೆಂಡಾಲಿರಲಿ, ಹೊಳಲ್ಕೆರೆಯ ಶಾಲಾ ವಾರ್ಷಿಕೋತ್ಸವವಿರಲಿ, ಟಿ.ವಿ.ಯ ಹಾಡಿನ ಸ್ಪರ್ಧೆಯಿರಲಿ, ಪದದ ಹೆಸರು ಹೇಳುವಷ್ಟನ್ನು ಎಲ್ಲರೂ ಮಾಡಬಹುದು. ಮೈಕು ಹಿಡಿದ ನಿರೂಪಕರೇ, “ಈಗೊಂದು ಜಾನಪದ ಗೀತೆ” ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಯಾವ ಪದ, ಯಾವ ಊರಿನದು, ಯಾರ ಬಾಯಿಂದ ಕಲಿತದ್ದು, ಇಷ್ಟನ್ನೂ ಹೇಳಿ. ಪದಕ ಕೊಡುವುದು ಆಮೇಲಿನ ಮಾತು.