ಕೊರಡಿನ ತೋಟದ ಕಥೆ

ಮರ ಉರುಳಿದ ಮೇಲೂ ಅದರ ಬಾಳು ಮುಗಿಯದೆಂಬುದನ್ನು ಮಲೆನಾಡಿನ ಹಿತ್ತಲುಗಳನ್ನು ಕಂಡ ನಮ್ಮಲ್ಲಿ ಅನೇಕರು ಬಲ್ಲೆವು. ಕೊಳೆಯುವ ದಿಮ್ಮಿಯ ಮೇಲೆ ಹಾವಸೆ, ಅದರ ತೇವದಲ್ಲಿ ಜರೀಗಿಡ, ಬೇರಿನ ಸಂದಿನಲ್ಲಿ ಅಣಬೆ. ಇದೇ ನೋಟವನ್ನು ಇಂಗ್ಲೆಂಡಿನ ಸಿರಿವಂತರು ಹಣ ವೆಚ್ಚಮಾಡಿ ಕಟ್ಟಿಸಿ ‘ಸ್ಟಂಪರಿ’ ಎಂದು ಕರೆದರು. ನಮ್ಮ ಮಾತಿನಲ್ಲಿ ಅದನ್ನು ಕೊರಡಿನ ತೋಟ ಎನ್ನಬಹುದು.

ಇಂಥ ಮೊದಲ ತೋಟವೆಂದು ಹೆಸರಾದದ್ದು ಸ್ಟಾಫರ್ಡ್‌ಶೈರ್‌ನ ಬಿಡಲ್ಫ್ ಗ್ರೇಂಜ್‌ನಲ್ಲಿ 1856ರಲ್ಲಿ ಮೂಡಿದ್ದು. ಅದರ ಒಡೆಯ ಜೇಮ್ಸ್ ಬೇಟ್‌ಮನ್ ಆರ್ಕಿಡ್ ಹೂಗಳ ಮೋಹಿ. ವಿನ್ಯಾಸಕ ಎಡ್ವರ್ಡ್ ಕುಕ್ ಚಿತ್ರಕಾರ. ಕಡಿದ ಓಕ್ ಮರಗಳ ಬೊಡ್ಡೆಗಳನ್ನು ಅಂಕುಡೊಂಕು ದಾರಿಯ ಇಕ್ಕೆಲಗಳಲ್ಲಿ ಸುಮಾರು 3 ಮೀಟರ್ ಎತ್ತರಕ್ಕೆ ಪೇರಿಸಿ, ಸಂದುಗಳಲ್ಲಿ ನೆರಳು ಬಯಸುವ ಗಿಡಗಳನ್ನು ನೆಟ್ಟರು.

ಆ ಕಾಲದಲ್ಲಿ ಅಲ್ಲಿ ಜರೀಗಿಡಗಳ ಹುಚ್ಚು ಹಬ್ಬಿತ್ತು. ಮುಚ್ಚಿದ ಗಾಜಿನ ಸೀಸೆಯೊಳಗೆ ಜರೀಗಿಡ ತಾನಾಗಿ ಚಿಗುರಿದ್ದನ್ನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಕಂಡಿದ್ದ. ಆ ಬಳಿಕ ಗಾಜಿನ ಪೆಟ್ಟಿಗೆಗಳು ಮನೆಮನೆಗೆ ಬಂದವು. ಅವುಗಳನ್ನು ತುಂಬಿಸಲು ಜನ ಕಾಡಿಗೆ ನುಗ್ಗಿದರು. ಕಿಲಾರ್ನಿ ಜರಿಯಂಥ ಅಪರೂಪದ ಗಿಡ ಹಲವೆಡೆ ಅಳಿವಿನಂಚಿಗೆ ಬಂದಿತು. ಸತ್ತ ಮರವನ್ನು ಸಿಂಗರಿಸಿದ ಅಭಿರುಚಿಯೇ ಬದುಕಿದ್ದ ಕಾಡನ್ನು ಬರಿದುಮಾಡಿತು.

ರಬಾಳೆಯಲ್ಲಿ ನೆಲೆಸಿರುವ ನಮಗೆ ಈ ಇತಿಹಾಸ ದೂರದ್ದಲ್ಲ. ಒಂದೆಡೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು, ಇನ್ನೊಂದೆಡೆ ಪಾರ್ಸಿಕ್ ಬೆಟ್ಟ. ಮಳೆಗಾಲದ ಗಾಳಿಗೆ ಗುಲ್ಮೊಹರ್ ಉರುಳುತ್ತದೆ. ಲಾರಿ ಬಂದು ಒಯ್ಯುತ್ತದೆ. ಅನುಮತಿ ಪಡೆದು ಒಂದು ಬೊಡ್ಡೆಯನ್ನು ವಸತಿ ಸಂಕೀರ್ಣದ ನೆರಳಿನ ಮೂಲೆಗೆ ತಂದರೆ ಸಾಕು. ಬುಡವನ್ನು ಅರೆಪಾಲು ಹೂಳಿ, ಸಂದುಗಳಿಗೆ ತರಗೆಲೆ, ಮಣ್ಣು ತುಂಬಬೇಕು. ಗೆದ್ದಲು ಹಿಡಿಯುವುದರಿಂದ ಕಟ್ಟಡದ ಗೋಡೆಯಿಂದ ದೂರವಿರಲಿ. ಹಲಸಿನ ಕೊರಡಾದರೆ ಬಹುಕಾಲ ಬಾಳುತ್ತದೆ. ಗುಲ್ಮೊಹರ್ ಬೇಗ ಮಣ್ಣಾಗುತ್ತದೆ. ಮಳೆ ನಿಂತ ಮೇಲೆ ನಾವೇ ನೀರುಣಿಸಬೇಕು.

ಊರಿನ ಮಾವಿನ ಕಾಂಡದಲ್ಲಿ ಮುಂಗಾರಿನ ಹೊತ್ತಿಗೆ ಜೋತುಬೀಳುತ್ತಿದ್ದ ಸೀತಾಳೆ ದಂಡೆಯನ್ನು ನೆನೆದು, ಅದನ್ನೂ ತರುವ ಆಸೆ ನಮಗೆ ಹುಟ್ಟದಿರದು. ಆದರೆ ಘಟ್ಟದಿಂದ ಕಿತ್ತು ತರುವುದು ಬೇಡ. ನರ್ಸರಿಯಲ್ಲಿ ಬೆಳೆಸಿದ ಜರೀಗಿಡವೇ ಸಾಕು. ಉಳಿದುದನ್ನು ಮಳೆಯೇ ತಂದು ನೆಡುತ್ತದೆ.