ಹೋಬಳಿಯ ಶಾಲೆ, ಬೋರ್ಡಿನ ಸಾಲೆ

ಶಾಲೆಗಳ ಅಭಿವೃದ್ಧಿಗಾಗಿ ಯೋಜನೆ ಹೂಡುವವರು ಯಾವ ಘಟಕವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕುತ್ತಾರೆಂಬುದು ಮೇಲುನೋಟಕ್ಕೆ ಕ್ಷುಲ್ಲಕವಾದ ಸಂಗತಿ. ಆದರೆ ಯಾವ ಊರಿಗೆ ಶಾಲೆ ಬಂದಿತು, ಯಾವ ಭಾಷೆಯಲ್ಲಿ ಬಂದಿತು ಎಂಬುದು ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಯಿತು. ಮೈಸೂರು ಸಂಸ್ಥಾನದ ಮತ್ತು ಮುಂಬಯಿ ಕರ್ನಾಟಕದ ಜಿಲ್ಲೆಗಳನ್ನು ಹೋಲಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

1854ರ ವುಡ್ ನಿರೂಪದ ತರುವಾಯ ಎರಡೂ ಕಡೆ ವಿದ್ಯಾಖಾತೆಗಳು ಹುಟ್ಟಿದವು. ಮೈಸೂರಿನಲ್ಲಿ 1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿಯನ್ನೇ ಘಟಕವಾಗಿ ಹಿಡಿದರು. ಪ್ರತಿಯೊಂದು ಹೋಬಳಿಗೂ ಒಂದು ಶಾಲೆ. ಹಳ್ಳಿಯ ಐಗಳ ಮಠಗಳಲ್ಲಿದ್ದ ಉಪಾಧ್ಯಾಯರಿಗೇ ತರಬೇತಿ ಕೊಟ್ಟು ನಿಯಮಿಸುವುದು. ಇದು ಆ ಯೋಜನೆಯ ತಿರುಳು. ನಕ್ಷೆಯನ್ನು ಮುಂದಿಟ್ಟುಕೊಂಡು ಮಾಡಿದ ಕೆಲಸವಿದು. ಆದರೂ ದೇಶೀಯ ಮಠವನ್ನು ಕೆಡವದೆ ಬಳಸಿಕೊಂಡದ್ದು ರೈಸರ ವಿವೇಕವೆನ್ನಬೇಕು.

ಮುಂಬಯಿಯವರದು ಬೇರೆ ದಾರಿ. ಅಲ್ಲಿ 1860ರ ದಶಕದಿಂದ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವೆತ್ತಿ, ಅದರ ಮೂರರಲ್ಲೊಂದು ಪಾಲನ್ನು ಶಿಕ್ಷಣಕ್ಕೆ ಮೀಸಲಿಟ್ಟರು. ರೈತನ ಹಣ ಅವನ ಜಿಲ್ಲೆಗೇ ಹಿಂದಿರುಗಿತೆಂಬುದು ಇದರ ಗುಣ. ಕಂದಾಯ ಕುಗ್ಗಿದೆಡೆ ಸಾಲೆಯೂ ಸೊರಗಬೇಕೆಂಬುದು ದೋಷ. 1876-78ರ ಕ್ಷಾಮದಲ್ಲಿ ಕಲಾದಗಿ ಜಿಲ್ಲೆ ಪಟ್ಟ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ದೋಷ ಹೆಚ್ಚು ಆಳವಾದುದು. ಧಾರವಾಡ, ಬೆಳಗಾವಿಗಳ ಸೀಮೆಗೆ ಸರಕಾರದ ಕಡತಗಳಲ್ಲಿ ‘ದಕ್ಷಿಣ ಮರಾಠಾ ದೇಶ’ವೆಂದು ಹೆಸರು. ಹೆಸರಿಗೆ ತಕ್ಕಂತೆ ಕನ್ನಡ ಮಕ್ಕಳ ಮುಂದೆ ಮರಾಠಿ ಪುಸ್ತಕ ಬಂದಿತು. ಡೆಪ್ಯುಟಿ ಚೆನ್ನಬಸಪ್ಪನವರಂಥ ಅಧಿಕಾರಿಗಳು ಊರೂರು ತಿರುಗಿ ಕನ್ನಡ ಸಾಲೆಗಳನ್ನು ತೆರೆಯಿಸಬೇಕಾಯಿತು. ಕಾಗದದ ಯೋಜನೆಗೆ ಕಾಣದಿದ್ದ ಭಾಷೆ, ಪ್ರವಾಸ ಮಾಡುವ ಇನ್‌ಸ್ಪೆಕ್ಟರನ ಕಣ್ಣಿಗೆ ಕಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಬದಲಾಯಿತು: ಯೋಜನೆಯನ್ನು ಬರೆಯಬೇಕಾದವರು ಯಾರು? ಮುಂಬಯಿಯ 1923ರ ಪ್ರಾಥಮಿಕ ಶಿಕ್ಷಣ ಶಾಸನವು ಆ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಕಡ್ಡಾಯ ಶಿಕ್ಷಣದ ಯೋಜನೆಯನ್ನು ಜಿಲ್ಲಾ ಲೋಕಲ್ ಬೋರ್ಡು ಸಿದ್ಧಪಡಿಸಬೇಕು. ಮಂಜೂರಾದರೆ ಹೆಚ್ಚುವರಿ ವೆಚ್ಚದ ಮೂರರಲ್ಲೆರಡು ಪಾಲನ್ನು ಸರಕಾರ ವಹಿಸಬೇಕು. ಏರ್ಪಾಡೇನೋ ಸೊಗಸಾದುದೇ. ಆದರೆ ಹಣದ ಮುಗ್ಗಟ್ಟಿನಿಂದ ಮಂಜೂರಾತಿಯೇ ದುರ್ಲಭವಾಯಿತು. ಬರೆಯುವ ಅಧಿಕಾರ ಜಿಲ್ಲೆಯದು, ಬೊಕ್ಕಸದ ಬೀಗದಕೈ ರಾಜಧಾನಿಯದು!

ಮೈಸೂರು 1913ರಲ್ಲಿಯೇ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಶಾಸನ ಮಾಡಿತ್ತು. 1930ರ ಶಾಸನದಿಂದ ಅದೂ ಜಿಲ್ಲೆಗಳ ಸ್ಥಳೀಯ ಶಿಕ್ಷಣಾಧಿಕಾರ ಮಂಡಲಿಗಳಿಗೆ ಆಡಳಿತವನ್ನು ಬಿಟ್ಟುಕೊಟ್ಟಿತು. ದಶಕ ಕಳೆಯುವಷ್ಟರಲ್ಲಿ, 1941ರ ಶಾಸನದಿಂದ, ಸರಕಾರವೇ ಅದನ್ನು ಹಿಂದಕ್ಕೆ ಪಡೆಯಿತು. ಮುಂಬಯಿ ಮಾತ್ರ 1947ರಲ್ಲಿ ಬೋರ್ಡುಗಳನ್ನು ಕಿತ್ತುಹಾಕಲಿಲ್ಲ; ಜಿಲ್ಲಾ ಸ್ಕೂಲ್ ಬೋರ್ಡಿನ ಪಕ್ಕದಲ್ಲಿ ಸರಕಾರ ನೇಮಿಸಿದ ಆಡಳಿತಾಧಿಕಾರಿಯನ್ನು ಕೂಡಿಸಿತು. ಮೈಸೂರಿನ ಕ್ರಮ ನೇರವಾದುದು. ಮುಂಬಯಿಯದು ಗೊಂದಲದ್ದಾದರೂ, ಹಳ್ಳಿಯ ದೂರನ್ನು ಕೇಳುವ ಕಿವಿಯೊಂದನ್ನು ಜಿಲ್ಲೆಯಲ್ಲಿ ಉಳಿಸಿತು.

1956ರ ಏಕೀಕರಣದಿಂದ ಈ ಎರಡು ಪದ್ಧತಿಗಳಷ್ಟೇ ಅಲ್ಲದೆ, ಮದರಾಸು, ಹೈದರಾಬಾದು ಮತ್ತು ಕೊಡಗಿನ ಪದ್ಧತಿಗಳೂ ಒಂದೇ ರಾಜ್ಯದೊಳಗೆ ಸೇರಿದವು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಶಾಸನ ಬರುವವರೆಗೆ, ಒಂದೇ ರಾಜ್ಯದ ಧಾರವಾಡದ ಮಗುವೂ ತುಮಕೂರಿನ ಮಗುವೂ ಬೇರೆ ಬೇರೆ ಕಾಯಿದೆಗಳ ಕೆಳಗೆ ಓದುತ್ತಿದ್ದವು.