ಬೀಗದ ಕೈ ಯಾರ ಬಳಿ? – ಸಂತ ಪೇತ್ರರ ಪೀಠದ ಹಬ್ಬದ ಚಿಂತನೆ (ಫೆಬ್ರವರಿ 22)



"ಫಾದರ್, ಕುರ್ಚಿಗೂ ಒಂದು ಹಬ್ಬ ಉಂಟಾ?" ರಾಮನಗರದ ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಪ್ರತಿವರ್ಷ ಯಾರಾದರೊಬ್ಬ ಹುಡುಗ ಈ ಪ್ರಶ್ನೆ ಕೇಳಿಯೇ ಕೇಳುತ್ತಾನೆ. ಉಂಟು, ಅದೂ ಬಹಳ ಹಳೆಯ ಹಬ್ಬ. ಕ್ರಿ.ಶ. 354ರ ರೋಮಿನ ಪಂಚಾಂಗದಲ್ಲೇ ಫೆಬ್ರವರಿ 22ರ ಎದುರು ಪೇತ್ರರ ಪೀಠದ ಹೆಸರಿದೆ. ಯೇಸುಸ್ವಾಮಿ ಪೇತ್ರರಿಗೆ ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಕೊಟ್ಟರೆಂದು ಮತ್ತಾಯನ ಶುಭಸಂದೇಶದ ಹದಿನಾರನೇ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಆ ಕೈಗಳನ್ನು ಆರಂಭದ ಶತಮಾನಗಳಲ್ಲಿ ಹೇಗೆ ಬಳಸಲಾಯಿತು? ಅದರಿಂದ ನಮ್ಮ ಕರಾವಳಿಗೆ ಏನಾಯಿತು? ಈ ಹಬ್ಬದಂದು ಅದನ್ನೇ ಸ್ವಲ್ಪ ಯೋಚಿಸೋಣ.

ಅಂದಿನ ಅಧಿಕಾರವೆಲ್ಲ ಪತ್ರದ ಮೂಲಕವೇ ನಡೆಯುತ್ತಿತ್ತು. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಮನೆ, ಗದ್ದೆ, ಊರನ್ನೇ ಕಳೆದುಕೊಂಡು ಇಲ್ಲಿ ಬಂದು ನೆಲೆಸಿದ ಕುಟುಂಬಗಳಿಗೆ ಕಾಗದದ ಮೇಲಿನ ಸಹಿಗೂ ಮುದ್ರೆಗೂ ಎಷ್ಟು ಬೆಲೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತು. ನಾವು ಇಲ್ಲಿಗೆ ಬಂದ ಮೊದಲ ಭಾನುವಾರ ಧರ್ಮಾಧ್ಯಕ್ಷರ ನೇಮಕ ಪತ್ರವನ್ನು ಓದುವಾಗ ಇಡೀ ದೇವಾಲಯ ನಿಶ್ಶಬ್ದವಾಗಿತ್ತು. ನಮ್ಮ ಪ್ರಬೋಧನೆಗೆ ಅಷ್ಟು ನಿಶ್ಶಬ್ದವಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು!

343ರಲ್ಲಿ ಸಾರ್ದಿಕಾದಲ್ಲಿ, ಅಂದರೆ ಇಂದಿನ ಬಲ್ಗೇರಿಯಾದ ಸೋಫಿಯಾ ನಗರದಲ್ಲಿ, ಸೇರಿದ ಸಭೆಯು ಒಂದು ನಿಯಮ ಮಾಡಿತು. ಅನ್ಯಾಯವಾಗಿ ಪದಚ್ಯುತನಾದ ಧರ್ಮಾಧ್ಯಕ್ಷನು ರೋಮಿನ ಧರ್ಮಾಧ್ಯಕ್ಷರಿಗೆ ಮೊರೆಯಿಡಬಹುದು ಎಂದು. ಅದರ ಅಗತ್ಯ ಎಷ್ಟಿತ್ತೆಂದು ನೂರು ವರ್ಷಗಳ ನಂತರ ಕಂಡುಬಂತು. ಕ್ರಿಸ್ತರು ನಿಜ ದೇವರೂ ನಿಜ ಮಾನವರೂ ಹೌದೇ ಎಂಬ ವಿವಾದ ಎದ್ದಾಗ ಜಗದ್ಗುರು ಮಹಾ ಲಿಯೋರವರು (440–461) ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ಫ್ಲಾವಿಯನರಿಗೆ 449ರ ಜೂನ್‌ನಲ್ಲಿ ಒಂದು ದೀರ್ಘ ಪತ್ರ ಬರೆದರು. ಅದೇ ವರ್ಷ ಎಫೆಸದಲ್ಲಿ ಸಭೆ ಸೇರಿತು. ಆದರೆ ಅಲ್ಲಿ ಆ ಪತ್ರವನ್ನು ಓದಲೇ ಬಿಡಲಿಲ್ಲ. ಫ್ಲಾವಿಯನರನ್ನು ಪದಚ್ಯುತಗೊಳಿಸಿದರು, ಅನುಭವಿಸಿದ ಹಿಂಸೆಯಿಂದ ಅವರು ಹೆಚ್ಚು ದಿನ ಬದುಕಲಿಲ್ಲ. ಸಾಯುವ ಮುನ್ನ ರೋಮಿಗೆ ಮೊರೆಯಿಟ್ಟಿದ್ದರು. ಲಿಯೋರವರ ಪ್ರತಿನಿಧಿಯಾಗಿ ಹೋಗಿದ್ದ ಹಿಲಾರಿ ಎಂಬ ಧರ್ಮಸೇವಕ ಜೀವ ಉಳಿಸಿಕೊಂಡು ರೋಮಿಗೆ ಮರಳಿದನು. ಮುಂದೆ ಅವನೇ ಜಗದ್ಗುರುವಾದನು. ತನ್ನನ್ನು ಪಾರುಮಾಡಿದ ಸಂತ ಯೊವಾನ್ನರಿಗೆ ಕೃತಜ್ಞತೆಯಾಗಿ ಲಾತೆರಾನಿನಲ್ಲಿ ಪ್ರಾರ್ಥನಾಲಯ ಕಟ್ಟಿಸಿದನು. ಎಫೆಸದ ಆ ಸಭೆಯನ್ನು ಲಿಯೋರವರು ದರೋಡೆಕೋರರ ಸಭೆ ಎಂದೇ ಕರೆದರು.

ಎರಡು ವರ್ಷಗಳ ನಂತರ, 451ರ ಅಕ್ಟೋಬರ್‌ನಲ್ಲಿ, ಕಾಲ್ಸೆದೋನಿನ ಮಹಾಸಭೆಯಲ್ಲಿ ಅದೇ ಪತ್ರವನ್ನು ಓದಲಾಯಿತು. ಲಿಯೋರವರ ಬಾಯಿಂದ ಪೇತ್ರರೇ ಮಾತನಾಡಿದ್ದಾರೆ ಎಂದು ಧರ್ಮಾಧ್ಯಕ್ಷರು ಕೂಗಿದರು. ಈ ಕೂಗನ್ನು ಹೇಳಿ ಪ್ರಬೋಧನೆ ಮುಗಿಸುವುದು ನಮ್ಮಂಥ ಗುರುಗಳ ರೂಢಿ. ಆದರೆ ಅದೇ ಸಭೆಯಲ್ಲಿ ಇಲ್ಲಿರಿಕಮ್ ಮತ್ತು ಪಾಲಸ್ತೀನದ ಕೆಲವು ಧರ್ಮಾಧ್ಯಕ್ಷರು ಪತ್ರದ ಮೂರು ವಾಕ್ಯಗಳ ಬಗ್ಗೆ ಸಂಶಯ ವ್ಯಕ್ತಪಡಿಸಿದರು. ಅವರ ಬಾಯಿ ಮುಚ್ಚಿಸಲಿಲ್ಲ. ಐದು ದಿನ ಸಮಯ ಕೊಟ್ಟು, ಸಂತ ಸಿರಿಲರ ಬರಹಗಳೊಂದಿಗೆ ಹೋಲಿಸಿ ನೋಡಲು ಹೇಳಿದರು. ಅವರು ನೋಡಿದರು, ತೃಪ್ತರಾಗಿ ಸಹಿ ಹಾಕಿದರು. ಇದರಿಂದ ಪೇತ್ರರ ಪೀಠದ ಗೌರವ ಕಡಿಮೆಯಾಯಿತೆಂದು ನಮಗನ್ನಿಸುವುದಿಲ್ಲ. ಹೆಚ್ಚಾಯಿತೆಂದೇ ನಮ್ಮ ಅಭಿಪ್ರಾಯ.

ಈ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕ್ರೈಸ್ತರಿದ್ದರೇ? ಇದ್ದರು. ಆರನೇ ಶತಮಾನದ ಮಧ್ಯಭಾಗದಲ್ಲಿ ಅಲೆಕ್ಸಾಂದ್ರಿಯದ ವ್ಯಾಪಾರಿ ಕಾಸ್ಮಸ್ ಬರೆದ ಗ್ರಂಥದಲ್ಲಿ, ಮೆಣಸು ಬೆಳೆಯುವ ಮಾಲೆ ಎಂಬಲ್ಲಿ ಒಂದು ಧರ್ಮಸಭೆ ಇದೆ, ಕಲ್ಲಿಯಾನ ಎಂಬಲ್ಲಿ ಪರ್ಷಿಯಾದಿಂದ ನೇಮಕಗೊಂಡ ಧರ್ಮಾಧ್ಯಕ್ಷರಿದ್ದಾರೆ ಎಂದಿದೆ. ಈ ಕಲ್ಲಿಯಾನ ಮುಂಬಯಿ ಬಳಿಯ ಕಲ್ಯಾಣ್ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಉಡುಪಿ ಬಳಿಯ ಕಲ್ಯಾಣಪುರ ಎನ್ನುವವರೂ ಇದ್ದಾರೆ. ನಮ್ಮ ಮನಸ್ಸು ಕಲ್ಯಾಣಪುರದ ಕಡೆಗೇ ವಾಲುತ್ತದೆ, ಆದರೆ ಮನಸ್ಸು ವಾಲುವುದು ಪುರಾವೆಯಲ್ಲ.

ಮುಖ್ಯ ಮಾತು ಬೇರೆ ಇದೆ. ಪರ್ಷಿಯಾದ ಧರ್ಮಸಭೆಯು 424ರಲ್ಲೇ ಒಂದು ತೀರ್ಮಾನ ಮಾಡಿತ್ತು: ತಮ್ಮ ಪೇಟ್ರಿಯಾರ್ಕರ ವಿರುದ್ಧ ಪಶ್ಚಿಮದ ಧರ್ಮಾಧ್ಯಕ್ಷರಿಗೆ ಮೊರೆಯಿಡುವಂತಿಲ್ಲ ಎಂದು. ಸಾರ್ದಿಕಾದ ಸಭೆ ತೆರೆದ ಬಾಗಿಲನ್ನು ಇಲ್ಲಿ ಮುಚ್ಚಿದಂತಾಯಿತು. ರೋಮ್ ಮತ್ತು ಪರ್ಷಿಯಾ ಸಾಮ್ರಾಜ್ಯಗಳ ನಡುವೆ ಹಗೆ ಇದ್ದ ಕಾಲವದು. ಪಶ್ಚಿಮದೊಂದಿಗೆ ನಂಟಿಟ್ಟುಕೊಂಡ ಕ್ರೈಸ್ತನನ್ನು ಶತ್ರುವಿನ ಗೂಢಚಾರನೆಂದು ಅನುಮಾನಿಸುತ್ತಿದ್ದರು. ಆದ್ದರಿಂದ ಅವರನ್ನು ಸುಲಭವಾಗಿ ದೂಷಿಸಲಾಗದು. ಆದರೆ ಅದರ ಫಲವನ್ನು ಉಂಡವರು ದೂರದವರು. ಏಳನೇ ಶತಮಾನದ ಮಧ್ಯದಲ್ಲಿ ಮೂರನೇ ಈಶೋಯಾಬ್ ಎಂಬ ಪೇಟ್ರಿಯಾರ್ಕರಿಗೂ ರೇವ್-ಅರ್ದಶೀರಿನ ಮಹಾಧರ್ಮಾಧ್ಯಕ್ಷ ಸಿಮೆಯೋನನಿಗೂ ಜಗಳ ಹತ್ತಿತು. ಭಾರತಕ್ಕೆ ಧರ್ಮಾಧ್ಯಕ್ಷರು ಬರಬೇಕಾದದ್ದು ರೇವ್-ಅರ್ದಶೀರಿನ ಮೂಲಕ. ಈಶೋಯಾಬರು ಸಿಮೆಯೋನನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ನಿಮ್ಮ ಹಟದಿಂದಾಗಿ ಭಾರತದ ಜನರಿಗೆ ಗುರುದೀಕ್ಷೆಯ ಬಾಗಿಲನ್ನೇ ಮುಚ್ಚಿದ್ದೀರಿ ಎಂಬುದು ಅದರ ಆರೋಪ. ಜಗಳ ಪರ್ಷಿಯಾದಲ್ಲಿ, ಬೀಗ ಬಿದ್ದದ್ದು ಭಾರತದಲ್ಲಿ! ಅಂದು ಈ ಕರಾವಳಿಯಲ್ಲಿ ಎಷ್ಟು ಮಂದಿ ಮುದುಕರು ಧರ್ಮಗುರುವಿಲ್ಲದೆ ಕಣ್ಣು ಮುಚ್ಚಿದರೋ, ದೇವರೇ ಬಲ್ಲರು.

ಇದೇ ಕಥೆ ಸಾವಿರ ವರ್ಷಗಳ ನಂತರ ಕೆನರಾದಲ್ಲಿ ಮತ್ತೆ ನಡೆಯಿತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರ ಕೋಟೆಗಳನ್ನು ಕಸಿದುಕೊಂಡ ಮೇಲೆ ಕರಾವಳಿಯ ಕ್ರೈಸ್ತರಿಗೆ ಧರ್ಮಗುರುಗಳೇ ಅಪರೂಪವಾದರು. ರೋಮ್ 1674ರಲ್ಲಿ ಗೋವೆಯವರೇ ಆದ ಥೋಮಸ್ ದೆ ಕಾಸ್ತ್ರೊರವರನ್ನು ಇಲ್ಲಿನ ಧರ್ಮಾಧ್ಯಕ್ಷರನ್ನಾಗಿ ನೇಮಿಸಿತು. ಆದರೆ ಪೋರ್ಚುಗಲ್ ರಾಜನಿಗೆ ಹಿಂದೆ ಜಗದ್ಗುರುಗಳೇ ಕೊಟ್ಟಿದ್ದ ಹಕ್ಕಿನಂತೆ ಈ ಪ್ರದೇಶ ತನ್ನದೆಂದು ಗೋವಾ ಮಹಾಧರ್ಮಕ್ಷೇತ್ರ ಹೇಳಿತು. ಎರಡು ಕಡೆಯವರ ಕೈಯಲ್ಲೂ ರೋಮಿನ ಪತ್ರ! ಈ ಗುರು ಕೊಟ್ಟ ಸಂಸ್ಕಾರ ಸಿಂಧುವೇ, ಆ ಗುರು ಮಾಡಿಸಿದ ಮದುವೆ ಸಿಂಧುವೇ ಎಂದು ಭಕ್ತರು ಕಂಗಾಲಾದರು.

1681ರಲ್ಲಿ ಗೋವೆಯ ಕಡೆಯಿಂದ ಬಂದವರು ಇಂದು ನಾವು ಸಂತರೆಂದು ಗೌರವಿಸುವ ಜೋಸೆಫ್ ವಾಜ್. ಆಗ ಅವರಿಗೆ ಮೂವತ್ತು ವರ್ಷ. ತಮ್ಮನ್ನು ಕಳುಹಿಸಿದವರ ಪಕ್ಷ ಹಿಡಿದು ಕೂರುವುದು ಅವರಿಗೆ ಸುಲಭವಿತ್ತು. ಬದಲಾಗಿ ಅವರು ಕಾಸ್ತ್ರೊರವರ ಬಳಿಗೇ ಹೋಗಿ ನೇಮಕ ಪತ್ರವನ್ನು ತೋರಿಸಲು ಕೇಳಿಕೊಂಡರು. ಓದಿದರು; ಅದು ನಿಜವೆಂದು ಮನಗಂಡರು. ರೋಮಿನಿಂದ ಸ್ಪಷ್ಟ ಉತ್ತರ ಬರುವವರೆಗೆ ಜನರಿಗೆ ಸಂಸ್ಕಾರಗಳು ನಿಲ್ಲದಂತೆ ಒಂದು ಹೊಂದಾಣಿಕೆಗೆ ದಾರಿ ಮಾಡಿದರು. ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿಗಳಲ್ಲಿ ಮೂರು ವರ್ಷ ದುಡಿದು 1684ರಲ್ಲಿ ಮರಳಿದರು. ವಿವಾದವೇನೂ ಅಲ್ಲಿಗೆ ಮುಗಿಯಲಿಲ್ಲ, ತಲೆಮಾರುಗಳ ಕಾಲ ನಡೆಯಿತು. ಮುಂದೆ ಶ್ರೀಲಂಕಾದಲ್ಲಿ ಸೇವೆ ಸಲ್ಲಿಸಿ 1711ರಲ್ಲಿ ಕ್ಯಾಂಡಿಯಲ್ಲಿ ನಿಧನರಾದ ಅವರನ್ನು 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಸಂತರೆಂದು ಘೋಷಿಸಿದರು.

ನಮ್ಮ ಉತ್ತರ ಕನ್ನಡ 1953ರಲ್ಲಿ ಗೋವಾದಿಂದ ಬೇರೆಯಾಗಿ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿತು. 1976ರ ಜನವರಿಯಲ್ಲಿ ಜಗದ್ಗುರು ಆರನೇ ಪೌಲರ ಪತ್ರದಿಂದ ಕಾರವಾರ ಧರ್ಮಕ್ಷೇತ್ರವಾಯಿತು. ಸೂಪಾ ಅಣೆಕಟ್ಟಿನ ಕಾಮಗಾರಿ ನಡೆಯುತ್ತಿದ್ದ ವರ್ಷಗಳವು. ಜನ ಊರು ಬಿಡುವ ಹೊತ್ತಿಗೆ ಧರ್ಮಾಧ್ಯಕ್ಷರು ಹತ್ತಿರಕ್ಕೆ ಬಂದಿದ್ದರು.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಬಲಿಪೂಜೆ ಕೊಂಕಣಿಯಲ್ಲಿರಬೇಕೋ ಕನ್ನಡದಲ್ಲಿರಬೇಕೋ ಎಂದು ಒಂದು ಉಪಕೇಂದ್ರದಲ್ಲಿ ಎರಡು ಗುಂಪುಗಳಾದವು. ನಮಗೂ ಸಿಟ್ಟು ಬಂತು. ನೀವು ಒಂದಾಗುವವರೆಗೆ ಬಲಿಪೂಜೆಯೇ ಇಲ್ಲವೆಂದು ಹೇಳಿ ಪ್ರಾರ್ಥನಾಲಯಕ್ಕೆ ಬೀಗ ಹಾಕಿದೆವು. ಮೂರು ಭಾನುವಾರ ಆ ಬೀಗದ ಕೈ ನಮ್ಮ ಜುಬ್ಬಾದ ಜೇಬಿನಲ್ಲೇ ಇತ್ತು. ನಮಗೆ ಅಧಿಕಾರವಿತ್ತು, ಪತ್ರವಿತ್ತು, ಮುದ್ರೆಯೂ ಇತ್ತು. ಮೂರನೆಯ ಭಾನುವಾರ ಸಂಜೆ ಒಬ್ಬ ಅಜ್ಜಿ ನಾಲ್ಕು ಮೈಲಿ ನಡೆದು ಬಂದರು. ಯಾವ ಭಾಷೆಯ ಮಾತನ್ನೂ ಎತ್ತಲಿಲ್ಲ. "ನಮ್ಮವರು ಹಾಸಿಗೆ ಹಿಡಿದಿದ್ದಾರೆ, ಪರಮಪ್ರಸಾದ ಬೇಕಂತೆ" ಎಂದಷ್ಟೇ ಹೇಳಿದರು. ನಾವು ಅವರೊಂದಿಗೆ ಹೋದೆವು. ಮರುದಿನ ಬೆಳಿಗ್ಗೆ ಬೀಗ ತೆಗೆದೆವು. ಆ ಅಜ್ಜನ ಮರಣಬಲಿಪೂಜೆಯಲ್ಲಿ ಎರಡೂ ಗುಂಪಿನವರು ಎರಡೂ ಭಾಷೆಗಳಲ್ಲಿ ಹಾಡಿದರು.

ಈ ಫೆಬ್ರವರಿ 22ರಂದು ಬಲಿಪೂಜೆಯಲ್ಲಿ ನಮ್ಮ ಜಗದ್ಗುರು ಲಿಯೋರವರ ಹೆಸರನ್ನೂ ಧರ್ಮಾಧ್ಯಕ್ಷರ ಹೆಸರನ್ನೂ ಹೇಳುವಾಗ ಕಾಲ್ಸೆದೋನಿನ ಆ ಐದು ದಿನಗಳು ನಮಗೆ ನೆನಪಾಗುತ್ತವೆ. ಆ ಉಪಕೇಂದ್ರದ ಬೀಗದ ಕೈಯೂ ನೆನಪಾಗುತ್ತದೆ. ವರ್ಗವಾಗಿ ಹೊರಡುವ ಮುನ್ನ ಅದನ್ನು ಅಜ್ಜಿಯ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಬಂದೆವು.